ಮುಪ್ಪಡರದ ಮುಖ: ಅಗಸ್ಟಸ್‌ನ ಶಿಲ್ಪಗಳಲ್ಲಿ ಮುಂಗುರುಳಿನ ಸಾಕ್ಷ್ಯ

ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಕ್ರಿ.ಶ. 14ರಲ್ಲಿ ತೀರಿಕೊಂಡಾಗ ಅವನಿಗೆ 75 ದಾಟಿತ್ತು. ಅವನ ಶಿಲ್ಪಮುಖಗಳು ಇನ್ನೂರಕ್ಕೂ ಹೆಚ್ಚು ಉಳಿದಿವೆ. ಅವುಗಳಲ್ಲಿ ಹಣ್ಣಾದ ಮುದುಕ ಕಾಣಸಿಗುವುದಿಲ್ಲ. ಇದನ್ನು ಶಿಲ್ಪಿಗಳ ಮುಖಸ್ತುತಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಹಿಂದಿನ ಗಣರಾಜ್ಯದಲ್ಲಿ ಸುಕ್ಕು, ಬೋಳುತಲೆ, ಜೋತ ಕೆನ್ನೆಗಳೇ ಹಿರಿತನದ ಗುರುತಾಗಿದ್ದವು. ಅಂಥ ಸಮಾಜದಲ್ಲಿ ದೊರೆಯನ್ನು ಹೊಗಳಬೇಕೆಂದಿದ್ದವರು ಅವನಿಗೆ ವಯಸ್ಸು ಕೂಡಿಸಬೇಕಿತ್ತು, ಕಳೆಯಬೇಕಿರಲಿಲ್ಲ. ಆದ್ದರಿಂದ ಈ ಯೌವನ ಹೊಗಳಿಕೆಯಲ್ಲ, ಆಡಳಿತದ ತೀರ್ಮಾನ ಎಂಬುದು ನನ್ನ ವಾದ.

ಇದಕ್ಕೆ ಬಲವಾದ ಸಾಕ್ಷಿ ಕಣ್ಣು, ಮೂಗುಗಳಲ್ಲಿಲ್ಲ, ಹಣೆಯ ಮೇಲಿನ ಕೂದಲಿನಲ್ಲಿದೆ. 1863ರಲ್ಲಿ ರೋಮಿನ ಹೊರವಲಯದ ಪ್ರೀಮಾ ಪೋರ್ತಾದಲ್ಲಿ, ಅಗಸ್ಟಸ್‌ನ ರಾಣಿ ಲಿವಿಯಾಳ ಬಂಗಲೆಯ ನೆಲದಲ್ಲಿ ಸಿಕ್ಕ ಅಮೃತಶಿಲೆಯ ಪ್ರತಿಮೆಯನ್ನು ಹತ್ತಿರದಿಂದ ನೋಡಬೇಕು. ಮುಂಗುರುಳುಗಳು ಒಂದೆಡೆ ಕವಲೊಡೆದು ಅಗಲುತ್ತವೆ, ಪಕ್ಕದಲ್ಲೇ ಚಿಮಟದ ತುದಿಗಳಂತೆ ಬಾಗಿ ಕೂಡುತ್ತವೆ. 1910ರಲ್ಲಿ ಸುಡಾನಿನ ಮೆರೋಯೆಯಲ್ಲಿ, ದೇಗುಲವೊಂದರ ಮೆಟ್ಟಿಲಡಿ ಹೂತಿದ್ದು ಸಿಕ್ಕ ಅವನ ಕಂಚಿನ ತಲೆಯ ಮೇಲೂ ಅದೇ ವಿನ್ಯಾಸವಿದೆ. ಸ್ವೆಟೋನಿಯಸ್ ಬರೆದ ಜೀವನಚರಿತ್ರೆಯ ಪ್ರಕಾರ ಅಗಸ್ಟಸ್‌ಗೆ ತಲೆಗೂದಲಿನ ಬಗ್ಗೆ ಕಾಳಜಿಯೇ ಇರಲಿಲ್ಲ. ಹಲವು ಕ್ಷೌರಿಕರು ಒಟ್ಟಿಗೇ ಅವಸರದಲ್ಲಿ ಕೆಲಸ ಮುಗಿಸುತ್ತಿದ್ದರು. ಬದುಕಿದ್ದವನ ತಲೆಯಲ್ಲಿ ಹೇಗೋ ಬಿದ್ದಿರುತ್ತಿದ್ದ ಕೂದಲು ಕಲ್ಲು, ಕಂಚುಗಳಲ್ಲಿ ಎಳೆ ತಪ್ಪದೆ ಮರುಕಳಿಸಬೇಕಾದರೆ, ಅದರ ಹಿಂದೆ ಅಧಿಕೃತ ಮಾದರಿಯೊಂದು ಇದ್ದಿರಲೇಬೇಕು.

ಪ್ರಾಂತ್ಯದ ಶಿಲ್ಪಿಗಳು ಅವನನ್ನು ಕಂಡವರಲ್ಲ, ಹಳೆಯ ಅಚ್ಚನ್ನೇ ನಕಲು ಮಾಡುತ್ತ ಹೋದರು, ಹೀಗಾಗಿ ಮುಖಕ್ಕೆ ವಯಸ್ಸಾಗಲಿಲ್ಲ ಎಂಬ ಆಕ್ಷೇಪವುಂಟು. ನಕಲು ನಡೆದದ್ದು ನಿಜವೇ. ಆದರೆ ನಾಣ್ಯಗಳ ಮುಂದೆ ಈ ವಾದ ನಿಲ್ಲುವುದಿಲ್ಲ. ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್‌ರನ್ನು ಹಿಂಬದಿಯಲ್ಲಿ ತೋರಿಸುವ ಬೆಳ್ಳಿಯ ದಿನಾರಿಯಸ್‌ಗಳು ಲುಗ್ಡುನಮ್‌ನಲ್ಲಿ, ಇಂದಿನ ಲಿಯಾನ್‌ನಲ್ಲಿ, ಕ್ರಿ.ಪೂ. 2ರಿಂದೀಚೆಗೆ ಅಚ್ಚಾದವು. ಆಗ ಚಕ್ರವರ್ತಿ ಅರವತ್ತರ ಆಸುಪಾಸಿನಲ್ಲಿದ್ದ. ಖುದ್ದು ರಾಜ್ಯದ ಟಂಕಸಾಲೆಯಿಂದ ಹೊರಟ ಈ ಹೊಸ ನಾಣ್ಯದಲ್ಲೂ ಮುಖ ಯುವಕನದೇ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಗಸ್ಟಸ್ ಎಲ್ಲ ವಯಸ್ಸಿನಲ್ಲೂ ಚೆಲುವನಾಗಿದ್ದ ಎಂದು ಹೇಳುವವನೂ ಸ್ವೆಟೋನಿಯಸ್ಸೇ. ಹಾಗಿದ್ದರೆ ಶಿಲ್ಪಿಗಳು ಕಂಡದ್ದನ್ನೇ ಕೆತ್ತಿರಬಾರದೇಕೆ? ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿರಳವಾದ, ಹಾಳಾದ ಹಲ್ಲು, ಇಳಿವಯಸ್ಸಿನಲ್ಲಿ ಮಂಜಾದ ಎಡಗಣ್ಣು, ಕುಳ್ಳು ದೇಹ ಇವನ್ನೂ ಅವನು ಅದೇ ಉಸಿರಿನಲ್ಲಿ ದಾಖಲಿಸುತ್ತಾನೆ. ಪ್ರೀಮಾ ಪೋರ್ತಾದ ಪ್ರತಿಮೆಯೋ ಎರಡು ಮೀಟರಿಗೂ ಎತ್ತರ. ಅದರ ನಿಲುವು ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್‌ನ ಭರ್ಜಿಧಾರಿಯಿಂದ ಬಂದದ್ದು. ಕ್ರಿ.ಪೂ. 12ರಲ್ಲಿ ಪ್ರಧಾನ ಪುರೋಹಿತನಾದವನನ್ನು ತಲೆಗೆ ಮುಸುಕೆಳೆದು ತೋರಿಸುವ ವಿಯಾ ಲಾಬಿಕಾನಾದ ಪ್ರತಿಮೆಯಲ್ಲಿ ಕೆನ್ನೆ ತುಸು ಬತ್ತಿದೆ, ಅಷ್ಟೇ.

ಮುಖವನ್ನು ಹೀಗೆ ಕಾಲದಿಂದ ಬಿಡಿಸಿದ್ದರ ಪ್ರಯೋಜನ ಉತ್ತರಾಧಿಕಾರದಲ್ಲಿ ಸ್ಪಷ್ಟವಾಗುತ್ತದೆ. ಗಾಯಸ್, ಲೂಸಿಯಸ್‌ರ ಶಿಲ್ಪಗಳು ತಾತನನ್ನು ಎಷ್ಟು ಹೋಲುತ್ತವೆಂದರೆ, ಯಾವುದು ಯಾರದೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಕ್ರಿ.ಶ. 69ರಲ್ಲಿ ಅಧಿಕಾರಕ್ಕೆ ಬಂದ ವೆಸ್ಪಾಸಿಯನ್ ಆ ವಂಶದವನಲ್ಲ. ಅವನ ಶಿಲ್ಪಗಳಲ್ಲಿ ಬೋಳುತಲೆಯೂ ಸುಕ್ಕುಗಟ್ಟಿದ ಹಣೆಯೂ ಮರಳಿ ಬಂದವು.