‘ಬರಲ್ಲ’ ಅನ್ನೋದಕ್ಕೂ ‘ಬರಕ್ಕಾಗಲ್ಲ’ ಅನ್ನೋದಕ್ಕೂ ನಡುವೆ...

ಸುಳ್ಳು ಸಿಕ್ ಲೀವಿನ ಬಗ್ಗೆ ನಮ್ಮಲ್ಲಿ ಜೋಕುಗಳಿಗೇನೂ ಬರವಿಲ್ಲ. ಒಂದೇ ಅಜ್ಜಿಯನ್ನು ನಾಲ್ಕು ಸಲ ಸಾಯಿಸಿದವನ ಕತೆ, ಜ್ವರ ಅಂತ ರಜೆ ಹಾಕಿ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಟೀವಿ ಕ್ಯಾಮೆರಾಕ್ಕೆ ಸಿಕ್ಕಿಬಿದ್ದವನ ಕತೆ... ಪ್ರತಿ ಆಫೀಸಿನಲ್ಲೂ ಇದರ ಒಂದೊಂದು ವರ್ಷನ್ ಇರುತ್ತದೆ. ನಾನು ಬರೆಯಲು ಹೊರಟಿರೋದು ಆ ಜೋಕುಗಳ ಬಗ್ಗೆ ಅಲ್ಲ. ಈ ಸುಳ್ಳಿಗೆ ಒಂದು ದೊಡ್ಡ ಇತಿಹಾಸವೇ ಇದೆ. ಕೆಲವು ವಾರಗಳಿಂದ ಅದನ್ನು ಅಲ್ಲಿಷ್ಟು ಇಲ್ಲಿಷ್ಟು ಓದುತ್ತಿದ್ದೇನೆ. ಓದುತ್ತಾ ಹೋದ ಹಾಗೆ, ಸುಳ್ಳು ಹೇಳಿದವನನ್ನು ಬಿಟ್ಟು ಅವನಿಂದ ಸುಳ್ಳು ಹೇಳಿಸಿದ ಕಾನೂನಿನ ಕಡೆಗೇ ಗಮನ ಹೋಗತೊಡಗಿತು.

‘ಬರಲ್ಲ’ ಅನ್ನೋದು ಒಂದು ಮಾತು. ‘ಬರಕ್ಕಾಗಲ್ಲ’ ಅನ್ನೋದು ಇನ್ನೊಂದು. ಮೊದಲನೆಯದರಲ್ಲಿ ನನ್ನ ಇಷ್ಟ ಇದೆ, ಎರಡನೆಯದರಲ್ಲಿ ನನ್ನ ಮೈ ಇದೆ. ಮೊದಲನೆಯದನ್ನು ಹೇಳಿದರೆ ಶಿಕ್ಷೆ ಆಗುವ ಕಡೆಯಲ್ಲೆಲ್ಲ ಜನ ಎರಡನೆಯದನ್ನು ಹೇಳಿದ್ದಾರೆ. ನನಗೆ ಕಂಡ ಮಟ್ಟಿಗೆ ಇಡೀ ಕತೆ ಇಷ್ಟೇ. ಆದರೆ ವಿವರಗಳು ಬಹಳ ಸ್ವಾರಸ್ಯವಾಗಿವೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಸುಣ್ಣದ ಕಲ್ಲಿನ ಚಪ್ಪಡಿ ಇದೆ. ಈಜಿಪ್ಟಿನ ಡೇರ್ ಎಲ್ ಮದೀನಾ ಎಂಬ ಹಳ್ಳಿಯದು. ರಾಜರ ಕಣಿವೆಯಲ್ಲಿ ಫೇರೋಗಳಿಗೆ ಗೋರಿ ಕೊರೆಯುತ್ತಿದ್ದ ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಇದ್ದ ಊರು ಅದು. ಎರಡನೇ ರಾಮ್ಸೆಸ್ ಪಟ್ಟಕ್ಕೆ ಬಂದ 40ನೇ ವರ್ಷದ, ಅಂದರೆ ಕ್ರಿಸ್ತಪೂರ್ವ 13ನೇ ಶತಮಾನದ ಹಾಜರಿ ಪುಸ್ತಕ ಈ ಚಪ್ಪಡಿ. ನಲವತ್ತು ಜನರ ಹೆಸರು, ಹೆಸರಿನ ಮುಂದೆ ಅವರು ಬಾರದ ದಿನಗಳು ಕಪ್ಪು ಶಾಯಿಯಲ್ಲಿ, ಅದರ ಮೇಲೆ ಕಾರಣ ಕೆಂಪು ಶಾಯಿಯಲ್ಲಿ. ನಮ್ಮ ಎಕ್ಸೆಲ್ ಶೀಟಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ! ಕಂಡೀಷನಲ್ ಫಾರ್ಮ್ಯಾಟಿಂಗ್ ಕೂಡ ಇದೆ :)

ಕಾರಣಗಳನ್ನು ನೋಡಿ. ಕಣ್ಣು ನೋವು. ಚೇಳು ಕಡಿತ. ಬೀರು ಕಾಯಿಸುವುದಿತ್ತು. ತಾಯಿಯ ಹೆಣಕ್ಕೆ ಬಟ್ಟೆ ಸುತ್ತುವುದಿತ್ತು. ಮನೆಯಲ್ಲಿ ಹೆಂಡತಿಗೋ ಮಗಳಿಗೋ ಮುಟ್ಟು. ಮೇಸ್ತ್ರಿಯ ಸ್ವಂತ ಕೆಲಸಕ್ಕೆ ಹೋಗಿದ್ದ (ಇದು ಸಾವಿರಾರು ವರ್ಷಗಳ ನಂತರವೂ ಎಷ್ಟು ಪರಿಚಿತ!). ಒಬ್ಬನಂತೂ ಇತರರಿಗೆ ಮದ್ದು ಮಾಡಿಕೊಡಲು ಹೋಗಿ ಮತ್ತೆ ಮತ್ತೆ ಗೈರು. ಮಾಮೂಲಾಗಿ ಕಾಣುವ ಕಾರಣ ‘ಕಾಯಿಲೆ’. ಇವುಗಳಲ್ಲಿ ಎಷ್ಟು ನಿಜ, ಎಷ್ಟು ನೆಪ ಅಂತ ಕಲ್ಲು ಬಾಯಿ ಬಿಡುವುದಿಲ್ಲ. ನನ್ನ ಗಮನ ಸೆಳೆದದ್ದು ಬೇರೆ. ಬೀರು ಕಾಯಿಸುವುದಿತ್ತು ಅಂತ ಯಾರೂ ಹೊಟ್ಟೆನೋವಿನ ನಾಟಕ ಆಡಬೇಕಿರಲಿಲ್ಲ. ಬೀರು ಎಂದರೆ ಬೀರು ಅಂತಲೇ ಗುಮಾಸ್ತ ಬರೆದುಕೊಂಡ.

ಅದೇ ಊರಿನ ಇನ್ನೊಂದು ದಾಖಲೆ ಇಟಲಿಯ ಟ್ಯೂರಿನ್ ನಗರದ ಈಜಿಪ್ಟ್ ಮ್ಯೂಸಿಯಮ್ಮಿನಲ್ಲಿದೆ. ಇದು ಪಪೈರಸ್. ಆ ಚಪ್ಪಡಿಗಿಂತ ಎಂಬತ್ತು ವರ್ಷಗಳಷ್ಟು ಈಚಿನದು. ಮೂರನೇ ರಾಮ್ಸೆಸ್‌ನ 29ನೇ ವರ್ಷ, ಸುಮಾರು ಕ್ರಿ.ಪೂ. 1157. ಈ ಕೆಲಸಗಾರರಿಗೆ ಸಂಬಳ ಅಂದರೆ ಧಾನ್ಯ: ಗೋಧಿ ಮತ್ತು ಬಾರ್ಲಿ. ಅದು ಸಮಯಕ್ಕೆ ಬರಲಿಲ್ಲ. ಅವರು ಯಾರಿಗೂ ಚೇಳು ಕಡಿಯಿತು ಅನ್ನಲಿಲ್ಲ. ಗೋರಿಗಳ ಸುತ್ತಲಿನ ಕಾವಲು ಗೋಡೆ ದಾಟಿ ಬಂದು, ದೇವಸ್ಥಾನದ ಹಿಂದೆ ಕೂತರು. ನಮಗೆ ಹಸಿವಾಗಿದೆ ಅಂದರು. ದಾಖಲೆ ಇರುವ ಮುಷ್ಕರಗಳಲ್ಲಿ ಇದೇ ಪ್ರಪಂಚದ ಮೊದಲನೆಯದು ಎನ್ನುತ್ತಾರೆ. ಧಾನ್ಯ ಬಂತು. ಮತ್ತೆ ನಿಂತಿತು, ಮತ್ತೆ ಕೂತರು.

ಅಂದರೆ ಜಗತ್ತಿನ ಅತಿ ಹಳೆಯ ಸಿಕ್ ಲೀವ್ ಪಟ್ಟಿಗಳಲ್ಲಿ ಒಂದು ಮತ್ತು ಮೊದಲ ಮುಷ್ಕರದ ವರದಿ, ಎರಡೂ ಒಂದೇ ಹಳ್ಳಿಯವು. ಅಲ್ಲಿ ಇವೆರಡೂ ಬೇರೆ ಬೇರೆಯಾಗಿದ್ದವು. ಇವೆರಡು ಯಾವಾಗ ಒಂದರೊಳಗೊಂದು ಬೆರೆತವು ಅನ್ನೋದೇ ನನ್ನ ಪ್ರಶ್ನೆ.

ಉತ್ತರ ಸುಲಭ: ಕೂತುಕೊಳ್ಳುವುದೇ ಅಪರಾಧವಾದಾಗ.

ಇದರ ಅತಿ ಕ್ರೂರ ರೂಪ ಅಮೆರಿಕದ ಗುಲಾಮಗಿರಿ. ಮುಷ್ಕರದ ಮಾತು ಹಾಗಿರಲಿ, ಅಲ್ಲಿ ‘ಬರಲ್ಲ’ ಅನ್ನುವ ಪದಕ್ಕೆ ಉತ್ತರ ಚಾಟಿ. ಹಾಗಾಗಿ ಕಾಯಿಲೆಯ ನೆಪ ಅಲ್ಲಿ ದಿನನಿತ್ಯದ ಪ್ರತಿರೋಧವಾಯಿತು. ಇತಿಹಾಸಕಾರರು ಹಾಗೇ ಗುರುತಿಸುತ್ತಾರೆ. ಜಾರ್ಜ್ ವಾಷಿಂಗ್ಟನ್ 1790ರ ದಶಕದಲ್ಲಿ, ಅಂದರೆ ದೇಶದ ಅಧ್ಯಕ್ಷರಾಗಿದ್ದಾಗಲೇ, ಮೌಂಟ್ ವರ್ನನ್‌ನಲ್ಲಿದ್ದ ತಮ್ಮ ತೋಟದ ಮೇಲ್ವಿಚಾರಕರಿಗೆ ಕಾಗದದ ಮೇಲೆ ಕಾಗದ ಬರೆದಿದ್ದಾರೆ. ನಿಜವಾಗಿ ಕಾಯಿಲೆ ಬಿದ್ದವರನ್ನು ದುಡಿಸಬೇಡಿ, ಆದರೆ ಹುಷಾರಿಲ್ಲ ಅಂದವರನ್ನೆಲ್ಲ ವಿಚಾರಿಸಿ ನೋಡದಿದ್ದರೆ ಏನೂ ಆಗದವರೂ ಮಲಗಿಬಿಡುತ್ತಾರೆ ಅನ್ನುವ ಧಾಟಿ. ಸ್ವಾತಂತ್ರ್ಯದ ಯುದ್ಧ ಗೆದ್ದ ಮನುಷ್ಯ, ತಾನು ಒಡೆಯನಾಗಿರುವ ಜನರ ಜ್ವರ ಅಳೆಯುತ್ತಾ ಕೂತಿದ್ದಾರೆ.

ಇದಕ್ಕಿಂತ ವಿಚಿತ್ರ ಮುಂದಿದೆ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ದಕ್ಷಿಣದ ವೈದ್ಯ ಒಂದು ಹೊಸ ರೋಗ ಕಂಡುಹಿಡಿದ. ಹೆಸರು ಡ್ರೇಪೆಟೋಮೇನಿಯಾ. ಲಕ್ಷಣ: ಗುಲಾಮನಿಗೆ ಓಡಿಹೋಗಬೇಕು ಅನಿಸುವುದು! ಕೆಲಸದಲ್ಲಿ ಮನಸ್ಸಿಲ್ಲದಿರುವುದಕ್ಕೂ ಅವನೇ ಇನ್ನೊಂದು ರೋಗದ ಹೆಸರು ಇಟ್ಟ. ನನಗೆ ಹೊಟ್ಟೆನೋವು ಅಂದರೆ ಅದು ಸುಳ್ಳು, ನನಗೆ ಬಿಡುಗಡೆ ಬೇಕು ಅಂದರೆ ಅದು ರೋಗ. ಯಾರ ಮೈಯಲ್ಲಿ ಏನಾಗುತ್ತಿದೆ ಎಂದು ಹೇಳುವ ಹಕ್ಕು ಯಾರದು ಅನ್ನುವ ಜಗಳ ಇಷ್ಟು ಬೆತ್ತಲಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ನಮ್ಮ ಕಡೆ ಏನಿತ್ತು? ಗುಲಾಮಗಿರಿ ಅನ್ನುವ ಹೆಸರು ಇರಲಿಲ್ಲ, ಆದರೆ 1859ರ 13ನೇ ಕಾಯಿದೆ ಇತ್ತು. ಮುಂಗಡ ತೆಗೆದುಕೊಂಡ ಕೆಲಸಗಾರ ಕೆಲಸಕ್ಕೆ ಬರದಿದ್ದರೆ ಅದು ಬರೀ ಸಾಲದ ತಕರಾರಲ್ಲ. ಮ್ಯಾಜಿಸ್ಟ್ರೇಟ್ ಅವನನ್ನು ಕೆಲಸಕ್ಕೆ ವಾಪಸ್ ಕಳಿಸಬಹುದು, ಒಪ್ಪದಿದ್ದರೆ ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದು. 1925ರಲ್ಲಿ ಇದನ್ನು ರದ್ದು ಮಾಡಿದರು. ಕಾಫಿ ತೋಟಗಳ ಕೊಡಗಿನಲ್ಲಿ ಮಾತ್ರ ಇದೇ ನಮೂನೆಯ ಕಾನೂನು 1926ರಲ್ಲಿ ಬೇರೆ ಹೆಸರಿನಲ್ಲಿ ಬಂದು 1931ರವರೆಗೂ ಇತ್ತು. ಅಂದರೆ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ತೋಟಕ್ಕೆ ‘ಬರಲ್ಲ’ ಅಂದವನಿಗೆ ಕೋರ್ಟು ಕಾದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಕಾಯಿಲೆಗೆ ಹಕ್ಕು ಸಿಕ್ಕಿತು. 1948ರ ಇಎಸ್‌ಐ ಕಾಯಿದೆ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರು. ಈಗ ಅದರಡಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ 70 ಪರ್ಸೆಂಟ್ ಸಿಗುತ್ತದೆ. ಸಣ್ಣ ಸಾಧನೆಯಲ್ಲ ಇದು. ಆದರೆ ಆ ಕಾಯಿದೆಯ 63ನೇ ಕಲಮಿನಲ್ಲಿ ಒಂದು ಸಾಲು ಇತ್ತು: ಮುಷ್ಕರದಲ್ಲಿರುವ ದಿನಕ್ಕೆ ಕಾಯಿಲೆಯ ಭತ್ಯೆ ಇಲ್ಲ. ಕಾಯಿಲೆ ಮತ್ತು ಮುಷ್ಕರ ಒಂದರ ವೇಷ ಇನ್ನೊಂದು ಹಾಕಿಕೊಳ್ಳಬಹುದು ಅನ್ನುವ ಅನುಮಾನ ಕಾನೂನು ಬರೆದವರಿಗೆ ಆಗಲೇ ಇತ್ತು ಅಂತ ನನ್ನ ಊಹೆ.

ಆ ವೇಷಕ್ಕೆ ಒಂದು ಹೆಸರು ಕೊಟ್ಟಿದ್ದು ಅಮೆರಿಕದ ಪೊಲೀಸರು. 1919ರಲ್ಲಿ ಬಾಸ್ಟನ್ ಪೊಲೀಸರು ನೇರವಾಗಿ ಮುಷ್ಕರ ಮಾಡಿದ್ದರು. ಮಾಡಿದವರೆಲ್ಲ ಕೆಲಸ ಕಳೆದುಕೊಂಡರು. ಆಮೇಲೆ ಅಲ್ಲಿ ಪೊಲೀಸರ ಮುಷ್ಕರ ಅಂದರೆ ಮುಟ್ಟಬಾರದ ಮಾತು. 1967ರ ಜೂನಿನಲ್ಲಿ ಡೆಟ್ರಾಯಿಟ್ ಪೊಲೀಸರು ಸಂಬಳದ ಜಗಳದಲ್ಲಿ ಮುಷ್ಕರ ಅಂತ ಹೇಳಲಿಲ್ಲ, ಒಟ್ಟೊಟ್ಟಿಗೆ ‘ಕಾಯಿಲೆ’ ಬಿದ್ದರು. ನೀಲಿ ಸಮವಸ್ತ್ರದವರಿಗೆ ಮಾತ್ರ ಬರುವ ಜ್ವರಕ್ಕೆ ‘ಬ್ಲೂ ಫ್ಲೂ’ ಅಂತ ಹೆಸರಾಯಿತು.

ಇಡೀ ಇತಿಹಾಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಿದ್ದು ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಪ್ರಕರಣ. ಅಮೆರಿಕದಲ್ಲಿ ಅವರು ಕೇಂದ್ರ ಸರ್ಕಾರದ ನೌಕರರು, ಮುಷ್ಕರ ಮಾಡಿದರೆ ಜೈಲೂ ಆಗಬಹುದಾದ ಅಪರಾಧ. 1970ರ ಮಾರ್ಚ್ ಕೊನೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಂಟ್ರೋಲರ್‌ಗಳು ಹುಷಾರಿಲ್ಲ ಅಂತ ಫೋನ್ ಮಾಡಿ ಮನೆಯಲ್ಲಿ ಉಳಿದರು. ಕೋರ್ಟು ಮಧ್ಯೆ ಬಂತು, ಕೆಲವರ ಕೆಲಸ ಹೋಯಿತು, ಉಳಿದವರು ವಾಪಸ್ಸಾದರು. ಹನ್ನೊಂದು ವರ್ಷದ ನಂತರ, 1981ರ ಆಗಸ್ಟ್ 3ರಂದು, ಅದೇ ಸಂಘ ನೆಪ ಬಿಟ್ಟು ನೇರ ಮುಷ್ಕರಕ್ಕೆ ಇಳಿಯಿತು. ಅಧ್ಯಕ್ಷ ರೇಗನ್ 48 ಗಂಟೆ ಕೊಟ್ಟರು. ಆಮೇಲೆ 11,345 ಜನರನ್ನು ಕೆಲಸದಿಂದ ತೆಗೆದರು, ಸಂಘದ ಮಾನ್ಯತೆಯೂ ಹೋಯಿತು. ತೆಗೆದವರು ಮತ್ತೆ ಆ ಕೆಲಸಕ್ಕೆ ಸೇರದಂತೆ ಹಾಕಿದ್ದ ನಿಷೇಧ ತೆರವಾಗಿದ್ದು 1993ರಲ್ಲಿ, ಕ್ಲಿಂಟನ್ ಬಂದ ಮೇಲೆ.

ಸುಳ್ಳು ಹೇಳಿದಾಗ ಬಹುಪಾಲು ಬಚಾವ್, ನಿಜ ಹೇಳಿದಾಗ ಸರ್ವನಾಶ! ಇದರಿಂದ ಮುಂದಿನ ಪೀಳಿಗೆ ಏನು ಕಲಿಯಬೇಕು ಹೇಳಿ?

ಕಲಿತದ್ದು ಏನು ಅಂತ 2019ರಲ್ಲಿ ಕಂಡಿತು. 2018ರ ಡಿಸೆಂಬರ್‌ನಲ್ಲಿ ಬಜೆಟ್ ಜಗಳದಿಂದ ಅಮೆರಿಕದ ಸರ್ಕಾರಿ ಕಚೇರಿಗಳು ಮುಚ್ಚಿದವು. ಕಂಟ್ರೋಲರ್‌ಗಳು ಮಾತ್ರ ಸಂಬಳವಿಲ್ಲದೆ ಕೆಲಸಕ್ಕೆ ಬರಬೇಕು. ಮೂವತ್ತೈದನೇ ದಿನ, 2019ರ ಜನವರಿ 25ರಂದು, ಎರಡು ನಿಯಂತ್ರಣ ಕೇಂದ್ರಗಳಲ್ಲಿ ಒಟ್ಟು ಹತ್ತು ಜನ ಹುಷಾರಿಲ್ಲ ಅಂದರು. ಬರೀ ಹತ್ತು! ನ್ಯೂಯಾರ್ಕಿನ ಲಗಾರ್ಡಿಯಾಕ್ಕೆ ಬರುವ ವಿಮಾನಗಳನ್ನು ಕೆಲ ಹೊತ್ತು ನಿಲ್ಲಿಸಬೇಕಾಯಿತು. ಅದೇ ದಿನ ಕಚೇರಿಗಳನ್ನು ತೆರೆಯುವ ಒಪ್ಪಂದ ಘೋಷಣೆಯಾಯಿತು. ಇದನ್ನು ನಾವು ಸಂಘಟಿಸಿಲ್ಲ ಅಂತ ಸಂಘ ಹೇಳಿತು. ತಿಂಗಳಿಡೀ ಸಂಬಳವಿಲ್ಲದೆ ರಾಡಾರ್ ಮುಂದೆ ಕೂತವರಿಗೆ ನಿಜವಾಗಿಯೇ ಮೈ ಕೈ ಸೋತಿದ್ದರೂ ಆಶ್ಚರ್ಯವಿಲ್ಲ. ಡೇರ್ ಎಲ್ ಮದೀನಾದವರ ಕಷ್ಟವೂ ಇದೇ ತಾನೇ, ದುಡಿದವರಿಗೆ ಧಾನ್ಯ ಬಂದಿರಲಿಲ್ಲ. ಆದರೆ ಅವರು ದೇವಸ್ಥಾನದ ಹಿಂದೆ ಕೂರಬಹುದಿತ್ತು.

ಭಾರತಕ್ಕೆ ಬನ್ನಿ. 2009ರ ಸೆಪ್ಟೆಂಬರ್ 8ರಂದು ಜೆಟ್ ಏರ್‌ವೇಸ್‌ನ ನೂರಾರು ಪೈಲಟ್‌ಗಳು ಒಂದೇ ಸಲ ಸಿಕ್ ಲೀವ್ ಹಾಕಿದರು. ಪೈಲಟ್‌ಗಳು ಸಂಘ ಕಟ್ಟಿಕೊಂಡಿದ್ದರು, ಅದರ ಮುಂದಾಳುಗಳಾಗಿದ್ದ ಇಬ್ಬರನ್ನು ಕಂಪನಿ ತೆಗೆದಿತ್ತು. ಮುಷ್ಕರ ಮಾಡಕೂಡದು ಅಂತ ಬಾಂಬೆ ಹೈಕೋರ್ಟು ಹೇಳಿತು. ನಾವೆಲ್ಲಿ ಮುಷ್ಕರ ಮಾಡ್ತಿದೀವಿ, ನಮಗೆ ಹುಷಾರಿಲ್ಲ ಅಷ್ಟೇ ಅಂದರು ಇವರು. ಐದು ದಿನ ವಿಮಾನಗಳು ನಿಂತು, ಕೊನೆಗೆ ತೆಗೆದವರನ್ನು ವಾಪಸ್ ಕರೆಸಿಕೊಳ್ಳಲು ಕಂಪನಿ ಒಪ್ಪಿತು. (ಆ ಕಂಪನಿಯೇ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ಅದು ಬೇರೆ ಕತೆ.)

2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಇದನ್ನೇ ಮಾಡಿದರು. 2014ರಲ್ಲಿ ನಮ್ಮ ಬೆಂಗಳೂರಿನಿಂದ ಹಾರಾಟ ಶುರು ಮಾಡಿದ್ದ ಏರ್‌ಏಷ್ಯಾ ಇಂಡಿಯಾವನ್ನು ಅದರ ಜೊತೆ ವಿಲೀನ ಮಾಡುತ್ತಿದ್ದ ಹೊತ್ತು. ಸಂಬಳ, ಹುದ್ದೆಗಳಲ್ಲಿ ತಮಗೆ ಅನ್ಯಾಯ ಅನ್ನೋದು ಸಿಬ್ಬಂದಿಯ ದೂರು. 8ನೇ ತಾರೀಕು ಎಂಬತ್ತಕ್ಕೂ ಹೆಚ್ಚು ವಿಮಾನಗಳು ರದ್ದು. 25 ಜನರನ್ನು ಕೆಲಸದಿಂದ ತೆಗೆದರು. ಮರುದಿನವೇ ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ ವಾಪಸ್ ತೆಗೆದುಕೊಂಡರು. ಇಲ್ಲಿ ನನಗೆ ಸಿಬ್ಬಂದಿಯ ಮೇಲೆ ಪೂರ್ತಿ ಕನಿಕರ ಬರುವುದಿಲ್ಲ. ಮುಷ್ಕರಕ್ಕೆ ನೋಟೀಸ್ ಇರುತ್ತದೆ, ಪ್ರಯಾಣಿಕ ಬೇರೆ ದಾರಿ ನೋಡಿಕೊಳ್ಳಬಹುದು. ಜ್ವರಕ್ಕೆ ನೋಟೀಸ್ ಇರುವುದಿಲ್ಲ. ಕೊಲ್ಲಿ ದೇಶದ ಕೆಲಸಕ್ಕೆ ವಾಪಸ್ ಹೊರಟು ಕೇರಳದ ಏರ್‌ಪೋರ್ಟುಗಳಲ್ಲಿ ರಾತ್ರಿ ಕಳೆದವನಿಗೆ ಯಾರ ಸಂಬಳದ ಜಗಳವೂ ಸಂಬಂಧವಿರಲಿಲ್ಲ. ಈ ಸುಳ್ಳಿನ ಬಿಲ್ಲು ಯಾವಾಗಲೂ ಮೂರನೆಯವನ ಟೇಬಲ್ಲಿಗೆ ಹೋಗುತ್ತದೆ.

ಕರ್ನಾಟಕದ ಪೊಲೀಸರನ್ನು ಬಿಡುವ ಹಾಗಿಲ್ಲ. 1966ರ ಒಂದು ಕಾಯಿದೆಯ ಪ್ರಕಾರ ಪೊಲೀಸರಿಗೆ ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರುವ ಹಕ್ಕೇ ಇಲ್ಲ. ಕಡಿಮೆ ಸಂಬಳ, ಮುಗಿಯದ ಡ್ಯೂಟಿ, ವಾರದ ರಜೆ ಇಲ್ಲ, ಸಾಹೇಬರ ಮನೆಯ ಆರ್ಡರ್ಲಿ ಕೆಲಸ ಬೇರೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕೋಣ ಅಂತ ಕಾನ್ಸ್‌ಟೇಬಲ್‌ಗಳು ತೀರ್ಮಾನಿಸಿದರು. ಸರ್ಕಾರ ಎಸ್ಮಾ ಜಾರಿ ಮಾಡಿತು, ಕರೆ ಕೊಟ್ಟ ಮುಖಂಡನನ್ನು ಬಂಧಿಸಿತು. ಆ ದಿನ ಬಹುತೇಕ ಎಲ್ಲರೂ ಡ್ಯೂಟಿಗೆ ಬಂದರು. ಸೋತಂತೆ ಕಂಡಿತು. ಆದರೆ ಅದೇ ವರ್ಷ ಔರಾದ್ಕರ್ ಸಮಿತಿ ನೇಮಕವಾಗಿ ವರದಿ ಕೊಟ್ಟಿತು, 2019ರಲ್ಲಿ ಸಂಬಳವೂ ಪರಿಷ್ಕರಣೆ ಆಯಿತು. ಹಾಕದೇ ಹೋದ ರಜೆಯೂ ಕೆಲಸ ಮಾಡುತ್ತದೆ ಅನ್ನಿ!

ಇಷ್ಟೆಲ್ಲ ನೋಡಿದ ಮೇಲೆ ಕಾನೂನು ಸುಮ್ಮನಿರುತ್ತದೆಯೇ? 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ತೆಗೆದು ‘ಮುಷ್ಕರ’ ಪದದ ವ್ಯಾಖ್ಯೆ ಓದಿ. ಒಂದು ಉದ್ಯಮದ 50 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಒಟ್ಟಾಗಿ ಒಂದೇ ದಿನ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ ಅಂತ ಸೇರಿಸಿದ್ದಾರೆ. ಮುಷ್ಕರಕ್ಕೆ 14 ದಿನ ಮೊದಲು ನೋಟೀಸ್ ಕೊಡುವ ನಿಯಮ ಮೊದಲು ಸಾರ್ವಜನಿಕ ಸೇವೆಗಳಿಗಷ್ಟೇ ಇತ್ತು, ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಇದೆ.

ಕೋಡ್ ಬರೆದು ಹೊಟ್ಟೆ ಹೊರೆಯುವವನ ಕಣ್ಣಿಗೆ ಇಂಥ ಸಾಲು ಬಿದ್ದರೆ ಮೊದಲು ಬೌಂಡರಿ ಕಂಡೀಷನ್ ನೋಡುತ್ತದೆ. ನೂರು ಜನರ ಕಾರ್ಖಾನೆಯಲ್ಲಿ ನಲವತ್ತೊಂಬತ್ತು ಜನ ಮಾತಾಡಿಕೊಂಡು ರಜೆ ಹಾಕಿದರೆ ಈ ಸಾಲಿಗೆ ಅದು ಸಿಗುವುದಿಲ್ಲ, ಐವತ್ತನೆಯವನ ಅರ್ಜಿ ಬಂದ ಕ್ಷಣ ಉಳಿದವರದ್ದೂ ಮುಷ್ಕರವಾಗುತ್ತದೆ. ಮತ್ತೊಂದು ವಿಷಯ: ಅಲ್ಲಿ ಹೆಸರಿಸಿರುವುದು ಕ್ಯಾಶುಯಲ್ ಲೀವ್. ಸಿಕ್ ಲೀವ್ ಅನ್ನುವ ಪದ ಆ ಸಾಲಿನಲ್ಲಿ ಇಲ್ಲ. ಅಂದರೆ ಸ್ವಂತ ಕೆಲಸ ಇದೆ ಅಂತ ಬರೆದವನು ಸಿಕ್ಕಿಬೀಳುತ್ತಾನೆ, ವೈರಲ್ ಫೀವರ್ ಅಂತ ಬರೆದವನ ಬಗ್ಗೆ ವಕೀಲರು ವಾದ ಮಾಡಬೇಕು.