ಪಾಟೀಲ ಪುಟ್ಟಪ್ಪನವರ ಪತ್ರಿಕಾವ್ಯವಸಾಯದ ಮೊದಲ ಘಟ್ಟ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಗೂ, 1956ಕ್ಕೆ ಹಿಂದೆ ಮುಂಬಯಿಯ ಆಡಳಿತಕ್ಕೂ ಒಳಪಟ್ಟಿದ್ದುವು. ರಾಣೇಬೆನ್ನೂರಿನ ತೆಂಕಣಕ್ಕೆ ಹೋಗಿ ತುಂಗಭದ್ರೆಯನ್ನು ದಾಟಿದೊಡನೆ ಹರಿಹರ. ಅದು ಮೈಸೂರು ಸೀಮೆ. ಎರಡು ದಡಗಳ ನುಡಿಯೂ ಒಂದೇ. ಆಳುವವರು ಮಾತ್ರ ಬೇರೆ. ಪಾಟೀಲ ಪುಟ್ಟಪ್ಪನವರ ಬರವಣಿಗೆಯ ಮೂಲಪ್ರೇರಣೆಯನ್ನು ಅರಸುವವರು ಮೊದಲು ಈ ಭೂಗೋಳವನ್ನು ನೆನೆಯಬೇಕು.

ಪುಟ್ಟಪ್ಪನವರು 1921ರ ಜನವರಿ 14ರಂದು ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಹುಟ್ಟಿದರು. ಮೊದಲ ಓದು ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯಲ್ಲಿ. ಅನಂತರ ಬ್ಯಾಡಗಿ, ಹಾವೇರಿ, ಧಾರವಾಡಗಳಲ್ಲಿ. ಈ ಸೀಮೆಗೆ ಅಚ್ಚಿನ ಕಾಗದವು ಹೊಸದಾಗಿರಲಿಲ್ಲ. ಹಾವೇರಿಯ ಬಳಿಯ ಅಗಡಿಯಿಂದ ಗಳಗನಾಥರು ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದ್ದರು, ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. ಆದರೆ ಗಳಗನಾಥರು ಓದುಗರನ್ನು ಹಿಂದಣ ವೈಭವದ ಕಡೆಗೆ ಕರೆದೊಯ್ದರು. ಪುಟ್ಟಪ್ಪನವರ ದೃಷ್ಟಿಯು ಎದುರಿಗಿದ್ದ ದಿನಮಾನದ ಮೇಲೆಯೇ ನಿಂತಿತು. ಆ ದಿನಮಾನವೂ ಸಾಮಾನ್ಯವಾದುದಲ್ಲ. ಬ್ಯಾಡಗಿಯ ನೆರೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಪುಟ್ಟಪ್ಪನವರಿಗೆ ಇಪ್ಪತ್ತೆರಡು ವರ್ಷ.

1945ರಲ್ಲಿ ಬೆಳಗಾವಿಯಲ್ಲಿ ಕಾನೂನು ಪದವಿಯನ್ನು ಪಡೆದು ಅವರು ವಕೀಲಿಗೆಂದು ಮುಂಬಯಿಗೆ ಹೋದರು. ಅಲ್ಲಿ ಸರದಾರ ವಲ್ಲಭಭಾಯಿ ಪಟೇಲರ ಸಲಹೆಯಿಂದ ಪತ್ರಿಕೆಯ ಕಡೆಗೆ ತಿರುಗಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ದೊಡ್ಡವರ ಒಂದು ಮಾತಿನಿಂದ ಬಾಳು ತಿರುಗಿತೆಂಬ ಕಥೆ ಕೇಳಲು ಸೊಗಸು. ಆದರೆ ನ್ಯಾಯಾಲಯದ ಅಂಗಳಕ್ಕಿಂತ ವಿಸ್ತಾರವಾದ ಅಂಗಳವೊಂದು ಈ ತರುಣನಿಗೆ ಮೊದಲೇ ಬೇಕಾಗಿರದಿದ್ದರೆ ಆ ಮಾತು ನಾಟುತ್ತಿರಲಿಲ್ಲ.

ಹುಬ್ಬಳ್ಳಿಗೆ ಬಂದು ಅವರು ‘ವಿಶಾಲ ಕರ್ನಾಟಕ’ದ ಸಂಪಾದಕರಾದರು. 1949ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಪತ್ರಿಕೋದ್ಯಮವನ್ನು ಅಭ್ಯಸಿಸಿದರು. ಪತ್ರಿಕೆಯ ಕೆಲಸವನ್ನು ಅಚ್ಚುಕೂಟದಲ್ಲಿಯೇ ಕಲಿಯುತ್ತಿದ್ದ ಕಾಲದಲ್ಲಿ ಕನ್ನಡಿಗನೊಬ್ಬನಿಗೆ ಅದು ಅಪರೂಪದ ವಿದ್ಯೆ. ಹಿಂದಿರುಗಿ ‘ನವಯುಗ’ವನ್ನು ನಡೆಸಿದರು. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡರು ಉಪವಾಸ ಕೈಕೊಂಡರು. ಹುಬ್ಬಳ್ಳಿಯಲ್ಲಿ ಜನರ ಕೋಪ ಬೀದಿಗಿಳಿಯಿತು. ಆ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಮರುವರ್ಷವೇ, ಎಂದರೆ 1954ರಲ್ಲಿ, ಪುಟ್ಟಪ್ಪನವರು ‘ಪ್ರಪಂಚ’ ವಾರಪತ್ರಿಕೆಯನ್ನು ಹೊರಡಿಸಿದರು.

ಈ ಹೆಸರು ಆಲೋಚನಾರ್ಹವಾದುದು. ನಾಡು ಒಂದಾಗಬೇಕೆಂಬ ಹಟ ಬಲವಾಗಿದ್ದ ಹೊತ್ತಿನಲ್ಲಿ ನಾಡಿನ ಹೆಸರನ್ನು ಬಿಟ್ಟು ಲೋಕದ ಹೆಸರನ್ನಿಟ್ಟುದು ಆಕಸ್ಮಿಕವಾಗಿರಲಾರದು. 1959ರಲ್ಲಿ ಆರಂಭಿಸಿದ ದಿನಪತ್ರಿಕೆಗೂ ‘ವಿಶ್ವವಾಣಿ’ಯೆಂದೇ ಹೆಸರಾಯಿತು. ಲೋಕದ ರಾಜಕಾರಣವನ್ನು ಕನ್ನಡದಲ್ಲಿಯೇ ಓದಿ ಚರ್ಚಿಸಬಲ್ಲ ಜನರಿಗೆ ತಮ್ಮದೇ ರಾಜ್ಯವಿಲ್ಲವೆಂಬುದು ಅಸಂಗತವೆಂದು ತೋರಿಸಲು ಇದಕ್ಕಿಂತ ಸಮರ್ಥವಾದ ವಾದ ಬೇಕಿರಲಿಲ್ಲ. ಅವರ ಖಂಡಿತವಾದಿತ್ವವು ಎಷ್ಟೋ ವೇಳೆ ಕಟುವಾಯಿತು, ಗೆಳೆಯರನ್ನೂ ಬಿಡಲಿಲ್ಲ. ಅದು ಗುಣವೋ ದೋಷವೋ ಎಂಬಲ್ಲಿ ಭಿನ್ನಾಭಿಪ್ರಾಯವಿರಬಹುದು; ಅದರ ಹಿಂದಿನ ಕನ್ನಡನಿಷ್ಠೆಯಲ್ಲಿ ಅಲ್ಲ.

1962ರಿಂದ 1974ರವರೆಗಿನ ರಾಜ್ಯಸಭೆಯ ಸದಸ್ಯತ್ವ, 2003ರ ಬೆಳಗಾವಿ ಸಾಹಿತ್ಯಸಮ್ಮೇಳನದ ಅಧ್ಯಕ್ಷತೆ ಮುಂದಿನ ಸಂಗತಿಗಳು. ಅವರು 2020ರ ಮಾರ್ಚ್ 16ರಂದು ತೀರಿಕೊಂಡರು. ತುಂಗಭದ್ರೆಯ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1ರಂದು ಅವರಿಗೆ ಮೂವತ್ತೈದು ವರ್ಷ, ‘ಪ್ರಪಂಚ’ಕ್ಕೆ ಎರಡು.