ತಂಬ್ರಹಳ್ಳಿ ಸೀಮೆ: ಪ್ರವಾಸದ ಇತಿಹಾಸ

ತಂಬ್ರಹಳ್ಳಿಯು ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬಂಡೆ ರಂಗನಾಥಸ್ವಾಮಿ ಗುಡಿಗೂ ತುಂಗಭದ್ರೆಯ ಹಿನ್ನೀರಿಗೂ ಹೆಸರಾದ ಊರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಈ ಸೀಮೆಗೆ ಹೊರಗಿನವರು ಏಕೆ ಬಂದರು, ಏನನ್ನು ನೋಡಿದರು ಎಂಬುದನ್ನು ಹುಡುಕಹೊರಟವರಿಗೆ ಮೊದಲು ಎದುರಾಗುವುದು ದಾಖಲೆಗಳ ಗೊಂದಲ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹೀಗಾಗಿ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ಒಂದು ಪುಸ್ತಕ ಬಳ್ಳಾರಿಯಲ್ಲಿ, ಇನ್ನೊಂದು ದಾವಣಗೆರೆಯಲ್ಲಿ ತೋರಿಸುತ್ತದೆ. ಇದಕ್ಕಿಂತ ದೊಡ್ಡ ಗೊಂದಲವೆಂದರೆ, ಗುಡಿಗಳನ್ನು 'ಪರಂಪರೆ' ಎಂದೂ ಹಕ್ಕಿಗಳನ್ನು 'ನಿಸರ್ಗ' ಎಂದೂ ಬೇರೆ ಬೇರೆ ಕಡತಗಳಲ್ಲಿಟ್ಟಿರುವುದು. ಈ ಸೀಮೆಯಲ್ಲಿ ಎರಡನ್ನೂ ಉಳಿಸಿರುವುದು ಜನ ಕಟ್ಟಿ ನಿಲ್ಲಿಸಿದ ನೀರು. ಇಲ್ಲಿನ ಪ್ರವಾಸದ ಚರಿತ್ರೆಯನ್ನೂ ಆ ನೀರಿನಿಂದಲೇ ಓದಬೇಕು.

ಹಳೆಯ ಕಾಲದಲ್ಲಿ ಬರುತ್ತಿದ್ದವರು ಭಕ್ತರು. ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರಣಿಕವೆಂಬ ಭವಿಷ್ಯವಾಣಿ ಕೇಳಲು, ಕೊಟ್ಟೂರಿನ ತೇರು ಎಳೆಯಲು ಜನ ಇಂದಿಗೂ ಬರುತ್ತಾರೆ. ಇವು ಎಲ್ಲರಿಗೂ ಗೊತ್ತಿರುವ ಜಾತ್ರೆಗಳು. ಕಲ್ಲಿನ ಕೆತ್ತನೆಯನ್ನೇ ನೋಡಲೆಂದು ಬರುವವರಿಗೆ ದಾರಿ ತೋರಿಸಿದ್ದು 1896ರಲ್ಲಿ ಮದ್ರಾಸಿನಿಂದ ಪ್ರಕಟವಾದ, ಚಾಲುಕ್ಯ ವಾಸ್ತುವನ್ನು ಕುರಿತ ಅಲೆಕ್ಸಾಂಡರ್ ರೀ ಅವರ ಗ್ರಂಥ. ಬಾಗಳಿ, ಕುರುವತ್ತಿ, ಹಿರೇಹಡಗಲಿಗಳ ಗುಡಿಗಳನ್ನು ಅದು ನಕ್ಷೆ, ಚಿತ್ರಗಳೊಡನೆ ವಿವರಿಸಿತು. ಹಿರೇಹಡಗಲಿಯ ಗುಡಿಯನ್ನು 1057ರಲ್ಲಿ ಕಟ್ಟಿಸಿದವನು ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ. ಆದರೆ ರೀ ಅಳೆದದ್ದು ಕಂಬ, ಗೋಡೆ, ಬಾಗಿಲವಾಡಗಳನ್ನು. ಗುಡಿ ನಡೆಯುವ ಬಗೆ ತಿಳಿಯಬೇಕಾದರೆ ಶಾಸನಗಳನ್ನು ನೋಡಬೇಕು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳ ಸಂಪುಟವನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ 1939ರಲ್ಲಿ ಹೊರತಂದರು. ದೇವರಿಗೆ ದತ್ತಿ ಬಿಡುವಾಗ ಕೆರೆಯ ಕೆಳಗಣ ಗದ್ದೆಯನ್ನು ಹೆಸರಿಸುವುದು ಚಾಲುಕ್ಯರ ಕಾಲದ ಶಾಸನಗಳ ರೂಢಿ. ಮಳೆ ಕಡಿಮೆಯಿರುವ ಈ ನಾಡಿನಲ್ಲಿ ದೇವರ ನೈವೇದ್ಯ ನಿಂತಿದ್ದು ಕೆರೆಯ ನೀರಿನ ಮೇಲೆ.

ಪ್ರವಾಸದ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಹಂಪಿ ವಿಶ್ವಪರಂಪರೆಯ ಪಟ್ಟಿ ಸೇರಿದ 1986ನ್ನು ತಿರುವು ಎನ್ನುತ್ತಾರೆ. ಹೊಸಪೇಟೆಯ ಮಟ್ಟಿಗೆ ಅದು ನಿಜ. ತಂಬ್ರಹಳ್ಳಿಗೆ ತಿರುವು ಬಂದದ್ದು ಅದಕ್ಕಿಂತ ಮೂರು ದಶಕ ಮೊದಲು, ತುಂಗಭದ್ರಾ ಅಣೆಕಟ್ಟೆಯ ಹಿಂದೆ ನೀರು ನಿಂತಾಗ. ಆ ನೀರು ನಾರಾಯಣದೇವರಕೆರೆಯಂಥ ಊರುಗಳನ್ನು ನುಂಗಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಅವರ ನಷ್ಟವನ್ನು ಬಿಟ್ಟು ಹಿನ್ನೀರಿನ ಚೆಲುವನ್ನಷ್ಟೇ ವರ್ಣಿಸುವ ಪ್ರವಾಸಿ ಕೈಪಿಡಿ ಅರ್ಧ ಸತ್ಯವನ್ನು ಹೇಳುತ್ತದೆ. ಅದೇ ನೀರಿನ ಅಂಚಿನಲ್ಲಿ ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಇಳಿಯತೊಡಗಿದವು, ರಾಜಹಂಸಗಳೂ ಬಂದವು.

ಹಕ್ಕಿಗಳ ಇತ್ತೀಚಿನ ದಾಖಲೆ ಹೆಚ್ಚಾಗಿ ಸಿಗುವುದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನದೇ ಆದ ಅಂಕಸಮುದ್ರದಲ್ಲಿ. 98.76 ಹೆಕ್ಟೇರ್ ಹರಡಿರುವ, ಶತಮಾನಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿದ ಊರ ಕೆರೆ ಅದು. ಕೆರೆಯಂಗಳದ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆಗಳು ಗೂಡು ಕಟ್ಟುತ್ತವೆ. 30,000ಕ್ಕೂ ಮಿಕ್ಕಿ ನೀರಹಕ್ಕಿಗಳು ಇಲ್ಲಿ ನೆಲೆಸುತ್ತವೆ ಎಂಬುದು ಸರ್ಕಾರದ ವಿವರಣೆ. 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶವಾದ ಈ ಕೆರೆಯ ಹೆಸರನ್ನು ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು, ಅಂದರೆ ರಾಮ್ಸಾರ್ ತಾಣವಾಗಿ ಪ್ರಕಟಿಸಿದ್ದು 2024ರ ಜನವರಿಯಲ್ಲಿ.

ಕಟ್ಟಿದ ಕೆರೆಯನ್ನು ನಿಸರ್ಗವೆನ್ನುವುದು ಹೇಗೆ ಎಂಬ ಆಕ್ಷೇಪವಿದೆ. ಆದರೆ ರಾಮ್ಸಾರ್ ಒಪ್ಪಂದ ಮಾನವನಿರ್ಮಿತ ಜೌಗುಗಳನ್ನೂ ಒಳಗೊಳ್ಳುತ್ತದೆ. ಹಕ್ಕಿಗೆ ಬೇಕಾದದ್ದು ಮೀನು, ಮರ, ನೀರು. ಗುಡಿ ನೋಡುವವರೂ ಹಕ್ಕಿ ನೋಡುವವರೂ ಬೇರೆ ಜನ, ಅವರನ್ನು ಒಂದೇ ಲೇಖನದಲ್ಲಿ ಕೂಡಿಸುವುದೇಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ಬಲವಿದೆ, ಏಕೆಂದರೆ ಕಾನೂನೂ ಗುಡಿಯನ್ನು, ಹಕ್ಕಿಯನ್ನು ಬೇರೆಯಾಗಿಯೇ ನೋಡುತ್ತದೆ: ಸ್ಮಾರಕಗಳಿಗೆ 1958ರ ಕಾಯ್ದೆ, ವನ್ಯಜೀವಿಗಳಿಗೆ 1972ರದ್ದು. ಆದರೆ ಇದು ಆಡಳಿತದ ಅನುಕೂಲವೇ ಹೊರತು ನೆಲದ ಸ್ವಭಾವವಲ್ಲ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ 1967ರಿಂದ ಇರುವ ಪ್ರಾದೇಶಿಕ ನಿಸರ್ಗ ಉದ್ಯಾನಗಳು ಹಳೆಯ ಕಟ್ಟಡ, ಕಾಡು, ಬೇಸಾಯ ಮೂರನ್ನೂ ಒಂದೇ ವ್ಯವಸ್ಥೆಯಡಿ ಕಾಯುತ್ತವೆ, ಜನ ಊರು ಬಿಡದೆ. ತಂಬ್ರಹಳ್ಳಿ ಸೀಮೆಯಲ್ಲೂ ಬೇಸಾಯ, ಹಕ್ಕಿಗಳೆರಡೂ ನಿಂತಿರುವುದು ಒಂದೇ ನೀರಿನ ಮೇಲೆ, ಆ ಹಿನ್ನೀರಿನ ಮಟ್ಟವನ್ನು ತೀರ್ಮಾನಿಸುವುದು ಅಣೆಕಟ್ಟೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ತುಂಬಿದ ಜಲಾಶಯದಿಂದ ನೀರನ್ನು ಹೊರಬಿಡಬೇಕಾಯಿತು. ರೈತನ ಬೆಳೆಯ ಜೊತೆಗೆ ಹಿನ್ನೀರಿನ ದಡವೂ ಆ ವಾರ ಅಣೆಕಟ್ಟೆಯ ಬಾಗಿಲಿನ ದುರಸ್ತಿಯನ್ನೇ ಕಾಯಬೇಕಾಯಿತು.